ಕಲ್ಲುಹೊಟ್ಟೆಯ ಡಬ್ಬಿ

“ಕುಂಡೆ ತೊಳೆದ ಕೈನ ತೊಳ್ಕೊಳ್ಳೋಕೆ ಬರಲ್ಲ ಈ ಮುಂಡೇವಕ್ಕೆ. ಅದೇ ಕೈಲಿ ಕರು ಬಾಯಿಗೆ ಬಾಟ್ಲಿ ಇಡ್ತಾವೆ. ಸಾಯ್ದೆ ಇನ್ನೇನು ಮಾಡುತ್ತೆ ಅದು?”

ಯಜಮಾನ ಕರುಮನೆಯ ಬಾಗಿಲಲ್ಲಿ ನಿಂತು ಕರವಸ್ತ್ರದೊಳಗಿನಿಂದ ಮಾತಾಡುತ್ತಿದ್ದ. ನಾನು ಸತ್ತ ಕರುವಿನ ಹಿಂಗಾಲು ಹಿಡಿದು ಎಳೆಯುತ್ತಿದ್ದೆ. ಮುಂಗಾಲು ನನ್ನ ಅತ್ತಿಗೆಯ ಕೈಯಲ್ಲಿತ್ತು. ಬಾಲದಿಂದ ಗೊರಸಿನವರೆಗೆ ರಕ್ತ ಬೆರೆತ ಭೇದಿ ಮೆತ್ತಿಕೊಂಡಿತ್ತು. ಎಳೆದರೂ ನೊಣ ಏಳುತ್ತಿರಲಿಲ್ಲ. ಹಿಂದಿನ ಸಂಜೆ ಇದೇ ಕರು ನನ್ನ ಬೆರಳನ್ನು ಮೊಲೆ ಅಂದುಕೊಂಡು ಚೀಪಿತ್ತು. ಆಗಲೇ ಬಾಯಿ ತಣ್ಣಗಿತ್ತು.

“ಎಳೀರೇ ಬೇಗ. ಸ್ವಂತ ಮಗು ಸತ್ತಂಗೆ ನೋಡ್ತಾ ನಿಂತವಳೆ” ಅಂದ ಮೇನೇಜರ್. ಅವನು ಯಜಮಾನನ ಬೆನ್ನ ಹಿಂದೆ ಇದ್ದ. ಯಜಮಾನ ಎಲ್ಲಿ ನಿಂತರೂ ಅವನ ಜಾಗ ಅದೇ.

“ಕೈ ಜಾರುತ್ತೆ ಸಾರ್” ಅಂದಳು ಅತ್ತಿಗೆ. “ಸೋಪು ಕೊಟ್ಟಿದ್ರೆ ತೊಳ್ಕೊಂಡು ಗಟ್ಟಿ ಹಿಡೀತಿದ್ದೆ.”

ಮೇನೇಜರ್ ಹಲ್ಲು ಕಚ್ಚಿದ. ಫಾರಮ್ಮಿಗೆ ಬರುವ ಸೋಪೆಲ್ಲ ಅವನ ಬೀರುವಿನಲ್ಲಿರುತ್ತಿತ್ತು. ದಾರದಿಂದ ಕೊಯ್ದು, ಬಿಸ್ಕತ್ತಿನಷ್ಟು ಚೂರು ಮಾಡಿ, ಮನೆಗೊಂದು ಅಂತ ಹಂಚುತ್ತಿದ್ದ. ನಮ್ಮ ಲೈನು ಮನೆಗಳಿಗೆಲ್ಲ ಸೇರಿ ಎರಡು ಕಕ್ಕಸು. ಬಾಗಿಲಿಗೆ ಗೋಣಿ. ನಲ್ಲಿ ಇಲ್ಲ, ಶೆಡ್ಡಿನ ಆಚೆಯ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತರಬೇಕು. ಹಸುಗಳ ಶೆಡ್ಡಿನಲ್ಲಿ ಫ್ಯಾನಿತ್ತು, ಮಲಗಲು ರಬ್ಬರು ಹಾಸಿತ್ತು, ಸೆಕೆಯಾದರೆ ಮೇಲಿನಿಂದ ಸಣ್ಣಗೆ ನೀರು ಚಿಮುಕಿಸುವ ಕೊಳವೆಯಿತ್ತು. ಹಸುಗಳ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಅವುಗಳ ಕೆಚ್ಚಲು ಹಿಂಡಿಸುವವರೂ ನಮ್ಮ ಸೊಂಟ ಮುರಿಯುವವರೂ ಒಂದೇ ಮನೆಯವರು.

ದನದ ಡಾಕ್ಟರು ಮೂಲೆಯಲ್ಲಿ ಇನ್ನೊಂದು ಕರುವಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅದರ ಬಾಲ ಎತ್ತಿ, ಹತ್ತಿ ಸುತ್ತಿದ ಕಡ್ಡಿಯಿಂದ ಸ್ವಲ್ಪ ಒರೆಸಿ ತೆಗೆದು, ಗಾಜಿನ ಕೊಳವೆಗೆ ಹಾಕಿ ಎದ್ದರು.

“ಇದು ಕರುಳಿಗೆ ಹತ್ತೋ ಬ್ಯಾಕ್ಟೀರಿಯಾ ಸಾರ್. ಸಗಣಿಯಿಂದ ಬಾಯಿಗೆ ಹೋಗುತ್ತೆ. ಮೊನ್ನೆ ಲಾರೀಲಿ ತರಿಸಿದ್ರಲ್ಲ ಹಸು, ಅವುಗಳಿಂದ ಬಂದಿರಬಹುದು. ನೀರಿನ ತೊಟ್ಟಿಯಿಂದ ಬಂದಿರಬಹುದು, ಮೇವಿಂದ, ಇಲಿಯಿಂದ. ಹುಟ್ಟಿದ ಕೂಡ್ಲೇ ತಾಯಿಯ ಮೊದಲ ದಪ್ಪ ಹಾಲು ಹೊಟ್ಟೆಗೆ ಬೀಳದಿದ್ರೆ ಕರು ತಡ್ಕೊಳ್ಳಲ್ಲ. ಅದನ್ನ ಕುಡಿಸ್ತಿದೀರಾ?”

ಯಜಮಾನ ಮೇನೇಜರ್ ಕಡೆ ನೋಡಿದ. ಮೇನೇಜರ್ ಸೂರಿನ ಕಡೆ ನೋಡಿದ. ಆ ಹಾಲು ಬೇರೆ ಕ್ಯಾನಿಗೆ ಬಿದ್ದು, ಅದರಿಂದ ಶಕ್ತಿಯ ಪುಡಿ ಮಾಡುವವರ ಗಾಡಿಗೆ ಹೋಗುತ್ತಿತ್ತು. ಕ್ಯಾನು ಎತ್ತಿ ಗಾಡಿಗೆ ಇಡುತ್ತಿದ್ದವರು ನಾವೇ.

“ಮತ್ತೆ, ಮನುಷ್ಯರ ಹೊಟ್ಟೇಲೂ ಇರುತ್ತೆ” ಅಂದರು ಡಾಕ್ಟರು. “ಕೆಲವರಿಗೆ ಏನೂ ಆಗಿರಲ್ಲ, ಗಟ್ಟಿಮುಟ್ಟಾಗೇ ಓಡಾಡ್ಕೊಂಡಿರ್ತಾರೆ. ಆದ್ರೂ…”

“ಅದನ್ನ ಹೇಳಿ ಮತ್ತೆ.” ಯಜಮಾನನ ಕರವಸ್ತ್ರ ಮೂಗಿನಿಂದ ಕೆಳಗೆ ಬಂತು. “ಅದನ್ನ ಮೊದಲು ಹೇಳ್ಬೇಕಪ್ಪ. ಇಲಿ, ಲಾರಿ ಅಂತ ಎಲ್ಲೆಲ್ಲೋ ಸುತ್ತಿಸಿದ್ರಿ. ಇವರ ಹೊಟ್ಟೆ ನೋಡಿ.”

“ಎಲ್ಲಾನೂ ನೋಡ್ಬೇಕಾಗುತ್ತೆ ಸಾರ್. ನೀರು, ಮೇವು…”

“ಇವರದ್ದು ನೋಡಿ ಅಂದೆ.”

ಡಾಕ್ಟರು ಕೈಗವಸು ಕಳಚಿ ಬಕೆಟ್ಟಿಗೆ ಹಾಕಿದರು.

ಸಂಜೆ ಮೇನೇಜರ್ ಒಂದು ಚೀಲ ತಂದು ಲೈನಿನ ಮುಂದಿನ ಕಟ್ಟೆಯ ಮೇಲೆ ಸುರಿದ. ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಗಳು. ಕೆಂಪು ಮುಚ್ಚಳ, ಮುಚ್ಚಳದ ಒಳಗಡೆಗೆ ಪುಟ್ಟ ಚಮಚ. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು.

“ಬೆಳಗ್ಗೆ ಎಲ್ರೂ ಇದ್ರಲ್ಲಿ ತುಂಬಿಸ್ಕೊಂಡು ಬರ್ಬೇಕು.”

“ಏನ್ನ ಸಾರ್?” ಅಂತ ದೊಡ್ಡಪ್ಪ ಕೇಳಿದ. ದೊಡ್ಡಪ್ಪ ಅಂದರೆ ಹಾಲು ಕರೆಯುವ ಮುದುಕ. ನನಗೆ ರಕ್ತಸಂಬಂಧವೇನಲ್ಲ, ಲೈನಿನವರಿಗೆಲ್ಲ ಅವನು ದೊಡ್ಡಪ್ಪ.

“ಚಿನ್ನ. ಬೆಳಗ್ಗೆ ಎದ್ದು ಗೋಣಿ ಎತ್ತಿ ಒಳಗೆ ಹೋಗ್ತೀಯಲ್ಲ, ಅಲ್ಲಿ ಬಿಟ್ಟು ಬರ್ತೀಯಲ್ಲ, ಅದು.”

ಹುಡುಗಿಯರು ತಲೆ ತಗ್ಗಿಸಿದರು. ಗಂಡಸರು ಬೇರೆ ಬೇರೆ ಕಡೆ ನೋಡಿದರು. ಕರೆಯುವುದು, ಬಾಚುವುದು, ತೊಳೆಯುವುದು, ಹೊರುವುದು ಎಲ್ಲಾ ಮಾಡಿಸಿಯಾಗಿತ್ತು. ಇದೊಂದು ಬಾಕಿಯಿತ್ತು.

“ಎಷ್ಟು ತುಂಬಬೇಕು ಸಾರ್?” ಅಂದಳು ಅತ್ತಿಗೆ. “ತಲೆ ಸವರಿ ತುಂಬಬೇಕಾ, ಅಳತೆ ಹೆಂಗೆ?”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕುಬಿಟ್ಟರು. ದೊಡ್ಡಪ್ಪನಿಗೆ ಕೆಮ್ಮು ಬಂತು.

“ನಗ್ರಿ, ನಗ್ರಿ” ಅಂದ ಮೇನೇಜರ್. “ಯಾರ ಹೊಟ್ಟೇಲಿ ಆ ಹುಳ ಸಿಗುತ್ತೋ ಅವರು ಅವತ್ತೇ ಗೇಟು ದಾಟಬೇಕು. ಮನೆ ಖಾಲಿ ಮಾಡ್ಕೊಂಡು, ಪಾತ್ರೆ ಪಡಗ ಎತ್ಕೊಂಡು. ಯಜಮಾನ್ರು ಹೇಳಿದಾರೆ. ಈಗ ನಗ್ರಿ ನೋಡೋಣ.”

ಒಬ್ಬೊಬ್ಬರೇ ತಮ್ಮ ತಮ್ಮ ಡಬ್ಬಿ ಎತ್ತಿಕೊಂಡರು.

ನನ್ನ ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳಿಗೆ ದಿನ ತುಂಬುತ್ತಿತ್ತು. ಎರಡೂ ಕೈಯಿಂದ ಹೊಟ್ಟೆಯ ಅಡಿ ಹಿಡಿದು ನಿಲ್ಲುವುದು ಅಭ್ಯಾಸವಾಗಿಬಿಟ್ಟಿತ್ತು. ಅಳಿಯ ಹುಲ್ಲಿನ ಲಾರಿಯ ಜೊತೆ ಹೋಗುವವನು, ಬಂದಾಗ ಬಂದ. ನಾವು ನಾಲ್ಕು ಗೋಡೆ ಅಂತ ಕಂಡಿದ್ದು ಈ ಲೈನು ಮನೆಯೊಂದೇ. ಶೀಟಿನ ಮಾಡು, ಒಂದು ಮಂಚ, ಒಂದು ಒಲೆ. ಹೆರಿಗೆಗೆ ಅಂತ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೆ. ಹಳೇ ಬಟ್ಟೆ ಹರಿದು, ಕುದಿಸಿ, ಒಣಗಿಸಿ ಮಡಿಸಿಟ್ಟಿದ್ದೆ. ಗೇಟಿನ ಆಚೆ ನಮಗೆ ಯಾರೂ ಮನೆ ಕೊಡುತ್ತಿರಲಿಲ್ಲ. ನಾವು ಬಸ್ಸು ಹತ್ತಿದರೇ ಸಗಣಿ ವಾಸನೆಗೆ ಜನ ಕಿಟಕಿ ತೆರೆಯುತ್ತಿದ್ದರು.

ಮಗಳಿಗೆ ಆ ವಾರವೆಲ್ಲ ಹೊಟ್ಟೆ ಸರಿಯಿರಲಿಲ್ಲ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಕಕ್ಕಸಿಗೆ ಓಡುತ್ತಿದ್ದಳು. ಮೇನೇಜರಿಗೆ ತಿಳಿಯದಂತೆ ನಾನು ಬಕೆಟ್ಟು ಹಿಡಿದು ಅಡ್ಡ ನಿಲ್ಲುತ್ತಿದ್ದೆ.

“ಅಮ್ಮ, ನಂದ್ರಲ್ಲಿ ಸಿಗುತ್ತೆ” ಅಂದಳು.

ನಾನು ಅತ್ತಿಗೆಯ ಮನೆಗೆ ಹೋದೆ.

ಅತ್ತಿಗೆಗೆ ಲೈನಿನವರು ಇಟ್ಟ ಹೆಸರು ಕಲ್ಲುಹೊಟ್ಟೆ. ಕೆಚ್ಚಲು ಬಾತ ಹಸು, ಭೇದಿ ಹತ್ತಿ ಸೂಜಿ ಹಾಕಿಸಿಕೊಂಡ ಹಸು, ಇವುಗಳ ಹಾಲನ್ನು ಮಾರುವಂತಿಲ್ಲ. ಅದು ಒಂದು ಹಸಿರು ಬಕೆಟ್ಟಿಗೆ ಬೀಳುತ್ತಿತ್ತು. ನಾವು ಅದಕ್ಕೆ ಎಸೆಯೋ ಹಾಲು ಅನ್ನುತ್ತಿದ್ದೆವು. ಆದರೆ ಎಸೆಯುತ್ತಿರಲಿಲ್ಲ. ಅರ್ಧ ಕರುಗಳಿಗೆ, ಅರ್ಧ ನಮಗೆ. ಹೊಸಬರನ್ನು ಕೆಲಸಕ್ಕೆ ಕರೆಯುವಾಗ ಮೇನೇಜರ್ “ದಿನಾ ಪುಕ್ಕಟೆ ಹಾಲು” ಅಂತ ಹೇಳುತ್ತಿದ್ದದ್ದು ಇದನ್ನೇ. ನಾವು ಕಾಯಿಸಿ, ಆರಿಸಿ, ಮೂಸಿ, ಹೆದರಿ ಹೆದರಿ ಕುಡಿಯುತ್ತಿದ್ದೆವು. ಅವಳು ನಿಂತಲ್ಲೇ ಲೋಟ ಅದ್ದಿ ಗಟಗಟ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದಳು. ಹಳಸಿದ್ದು, ಹುಳಿತದ್ದು, ಯಾವುದೂ ಅವಳಿಗೆ ಏನೂ ಮಾಡುತ್ತಿರಲಿಲ್ಲ. ನಮ್ಮಣ್ಣ ಸತ್ತಾಗಲೂ ಅವಳು ಮಾರನೇ ದಿನ ಸಲಿಕೆ ಹಿಡಿದಿದ್ದಳು. ಅದನ್ನೂ ಅರಗಿಸಿಕೊಂಡಳು ಅಂದಿದ್ದರು ಜನ.

“ಅತ್ತಿಗೆ, ಒಂದು ಉಪಕಾರ ಆಗ್ಬೇಕಿತ್ತು.”

“ಹಿಟ್ಟು ಖಾಲಿ ಆಯ್ತಾ?”

“ಹಿಟ್ಟಲ್ಲ.” ನಾನು ಮಗಳ ಡಬ್ಬಿಯನ್ನು ಅವಳ ಮುಂದೆ ಇಟ್ಟೆ.

ಅವಳು ಡಬ್ಬಿ ನೋಡಿದಳು, ನನ್ನ ನೋಡಿದಳು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಗೋಡೆಗೆ ಕೈ ಕೊಟ್ಟು ನಕ್ಕಳು.

“ಹಿಟ್ಟು, ಉಪ್ಪು, ಬೆಂಕಿ ಎಲ್ಲಾ ಕೇಳಿದೀಯ ಇಷ್ಟು ವರ್ಷ. ಇದೊಂದು ಕೇಳಿರಲಿಲ್ಲ ನೋಡು ನನ್ನ ನಾದಿನಿ.”

“ನಗಬೇಡ ಅತ್ತಿಗೆ. ಅವಳನ್ನ ಈ ಸ್ಥಿತೀಲಿ ಹೊರಗೆ ಹಾಕಿದ್ರೆ ಎಲ್ಲಿ ಮಲಗಿಸ್ಲಿ?”

ಅವಳ ನಗು ನಿಂತಿತು. ಡಬ್ಬಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಕೊಡ್ತೀನಿ ಬಿಡು. ನನ್ನ ಹೊಟ್ಟೇಲಿ ಹುಳ ಉಳಿಯುತ್ತಾ? ಅದೇ ಸತ್ತು ಬೀಳುತ್ತೆ.”

ನಮಗೆ ಅಷ್ಟೇ ಗೊತ್ತಿದ್ದದ್ದು. ಭೇದಿಯಾದವರಿಗೆ ರೋಗ, ಆಗದವರಿಗೆ ಇಲ್ಲ. ಡಾಕ್ಟರು ಕರುಮನೆಯಲ್ಲಿ ಹೇಳಿದ್ದು ನಮ್ಮ ಕಿವಿಗೂ ಬಿದ್ದಿತ್ತು. ಆದರೆ ಅವರು ಹೇಳಿದ್ದು ಯಜಮಾನನಿಗೆ. ಯಜಮಾನನಿಗೆ ಹೇಳಿದ ಮಾತನ್ನು ನಮ್ಮದು ಅಂತ ಕೇಳಿಸಿಕೊಳ್ಳುವ ಅಭ್ಯಾಸ ನಮಗಿರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಕಕ್ಕಸಿನ ಹಿಂದೆ ಅತ್ತಿಗೆ ಕೂತಿದ್ದಳು, ನಾನು ಕಾವಲು ನಿಂತಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಬಂದ. ಕೈಯಲ್ಲಿ ಖಾಲಿ ಡಬ್ಬಿ.

“ನನ್ನ ಹೊಟ್ಟೆ ಮೇನೇಜರ್ ಮಾತು ಕೇಳಲ್ಲ ಕಣಮ್ಮ. ಅದಕ್ಕೆ ಮನಸ್ಸು ಬಂದಾಗಲೇ. ಕೂತು ಕೂತು ಕಾಲು ಜೋಮು ಹಿಡೀತು. ಖಾಲಿ ಡಬ್ಬಿ ಕೊಟ್ರೆ ಏನೋ ಮುಚ್ಚಿಡ್ತಿದಾನೆ ಅಂತಾನೆ ಆ ಬೋಳಿಮಗ.”

ಗೋಡೆಯ ಹಿಂದಿನಿಂದ ಅತ್ತಿಗೆಯ ಕೈ ಚಾಚಿ ಬಂತು. “ಕೊಡು ದೊಡ್ಡಪ್ಪ. ದೇವರು ಬೇಕಾದಷ್ಟು ಕೊಟ್ಟಿದಾನೆ.”

ದೊಡ್ಡಪ್ಪ ನಾಚಿಕೊಂಡು, ಮುಖ ಆ ಕಡೆ ಮಾಡಿ, ಡಬ್ಬಿಯನ್ನು ಆ ಕೈಯಲ್ಲಿಟ್ಟ.

ಮೇನೇಜರ್ ಕಟ್ಟೆಯ ಮೇಲೆ ಪೇಪರು ಹಾಸಿಕೊಂಡು ಕೂತು ಒಬ್ಬೊಬ್ಬರದನ್ನೂ ಬೆಳಕಿಗೆ ಹಿಡಿದು ನೋಡಿದ. “ಇದೇನೇ, ಇಷ್ಟೇನಾ? ತಿನ್ನೋದು ಮಾತ್ರ ರಾಶಿ ತಿಂತೀಯ” ಅಂದ ಒಬ್ಬಳಿಗೆ. ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿ. ಅವಳು ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಿದವಳು ಆ ದಿನವೆಲ್ಲ ಹೊರಗೆ ಬರಲಿಲ್ಲ. ಅವಳ ಗಂಡ ಮೇನೇಜರನ ಎದುರಿಗೇ ನಿಂತಿದ್ದ. ನಿಂತೇ ಇದ್ದ.

ಪರೀಕ್ಷೆಯ ಫಲ ಬರುವವರೆಗೂ ಕರುಗಳು ಕಾಯಲಿಲ್ಲ, ಸಾಯುತ್ತಾ ಹೋದವು. ಮೊದಲು ಹಾಲು ಬಿಡುವುದು, ಕಿವಿ ಜೋತು ಬೀಳುವುದು, ಆಮೇಲೆ ನೀರಿನಂಥ ಹಳದಿ ಭೇದಿ, ಆಮೇಲೆ ರಕ್ತ. ಕಣ್ಣು ಗುಳಿಗೆ ಇಳಿದು, ಚರ್ಮ ಹಿಡಿದು ಎತ್ತಿದರೆ ಎತ್ತಿದಂತೆಯೇ ನಿಲ್ಲುತ್ತಿತ್ತು. ಭೇದಿ ಹತ್ತಿದವನ್ನು ಹಿಂದಿನ ರೋಗದ ಕೋಣೆಗೆ ಹಾಕುತ್ತಿದ್ದೆವು. ಇಟ್ಟಿಗೆ ಗೋಡೆ, ಸಿಮೆಂಟು ನೆಲ, ನಾಯಿ ನುಗ್ಗದ ಹಾಗೆ ಕಬ್ಬಿಣದ ಸರಳಿನ ಬಾಗಿಲು, ಹೊರಗಿನಿಂದ ಚಿಲಕ. ನಾವು ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಬಾಟ್ಲಿಯಲ್ಲಿ ಹಾಕಿ ಬಾಯಿಗೆ ಇಡುತ್ತಿದ್ದೆವು. ಸತ್ತರೆ ಗುಂಡಿ ತೋಡಿ ಸುಣ್ಣ ಹಾಕುತ್ತಿದ್ದೆವು. ಒಂದೊಂದು ಸತ್ತಾಗಲೂ ಮೇನೇಜರ್ ಬಂದು “ಇನ್ನೊಂದು ತಿಂದ್ರಿ” ಅನ್ನುತ್ತಿದ್ದ.

ಒಂದು ಮಧ್ಯಾಹ್ನ, ಹಾಲು ಕರೆಯುವ ಹೊತ್ತು ಹತ್ತಿರವಾಗಿತ್ತು, ನಮ್ಮನ್ನೆಲ್ಲ ರೋಗದ ಕೋಣೆಯ ಮುಂದಿನ ಅಂಗಳಕ್ಕೆ ಕರೆಸಿದರು. ಯಜಮಾನ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟು ನಿಂತಿದ್ದ. ನಾವು ಬರಿಗಾಲಿನಲ್ಲಿದ್ದೆವು. ಡಾಕ್ಟರು ಒಂದು ಹೆಜ್ಜೆ ಹಿಂದೆ, ಕಾಗದ ಹಿಡಿದು, ನೆಲ ನೋಡುತ್ತಾ ನಿಂತಿದ್ದರು.

“ಮೂರು ಜನ” ಅಂದ ಯಜಮಾನ. “ಮೂರು ಜನ ಸೇರಿ ನನ್ನ ಕೊಟ್ಟಿಗೆ ತೊಳೆದುಬಿಟ್ರಿ. ಅನ್ನ ಹಾಕಿದ ಮನೆಗೆ ಹೇತು ಹೋದ್ರಿ.”

ಮೇನೇಜರ್ ಹೆಸರು ಕೂಗಿದ. ಅತ್ತಿಗೆಯದು. ದೊಡ್ಡಪ್ಪನದು. ನನ್ನ ಮಗಳದು.

ನಾನು ಅತ್ತಿಗೆಯ ಮುಖ ನೋಡಿದೆ. ದೊಡ್ಡಪ್ಪನೂ ನೋಡಿದ. ಕಲ್ಲುಹೊಟ್ಟೆಯ ಬಾಯಿ ತೆರೆದೇ ಇತ್ತು. ಮೂರೂ ಅವಳದೇ. ಅವಳ ಹೊಟ್ಟೆಯಲ್ಲೇ ಇತ್ತು, ನಾವು ಅದನ್ನೇ ನಂಬಿ ಸಾಲ ತಂದಿದ್ದೆವು.

ಅಷ್ಟರಲ್ಲಿ ಲೈನಿನ ಕಡೆಯಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಮೇನೇಜರ್ ಆಗಲೇ ಇಬ್ಬರನ್ನು ಕಳಿಸಿದ್ದ. ನನ್ನ ಮನೆಯ ಮಂಚ ಬಾಗಿಲಿನಿಂದ ಅಡ್ಡಡ್ಡ ಹೊರಗೆ ಬರುತ್ತಿತ್ತು. ಕುದಿಸಿ ಮಡಿಸಿಟ್ಟಿದ್ದ ಬಟ್ಟೆಯ ಗಂಟು ಅಂಗಳದ ಸಗಣಿಯ ಕೊಚ್ಚೆಗೆ ಬಿತ್ತು.

ಒಂದೇ ಮಾತು ಸಾಕಾಗಿತ್ತು. ಅದು ನನ್ನ ಮಗಳದಲ್ಲ, ಅವಳದು. ನಾಲಿಗೆಯ ತುದಿಗೆ ಬಂದಿತ್ತು. ದೊಡ್ಡಪ್ಪನ ತುಟಿಯೂ ಅಲುಗುತ್ತಿತ್ತು. ಅವನಿಗೂ ಆ ಒಂದೇ ಮಾತು ಸಾಕಿತ್ತು. ನಾವಿಬ್ಬರೂ ಹೇಳಲಿಲ್ಲ. ಒಳ್ಳೆಯವರು ಅಂತಲ್ಲ. ಹೇಳುವಷ್ಟು ಹೊತ್ತನ್ನು ಅವಳು ಕೊಡಲಿಲ್ಲ.

“ಮೂರೂ ನಂದೇ ಯಜಮಾನ್ರೇ” ಅಂದಳು ಅತ್ತಿಗೆ.

“ಏನು?”

“ಮೂರು ಡಬ್ಬೀನೂ ನಾನೇ ತುಂಬಿಸಿದ್ದು. ಇವರು ಹೆದರಿದ್ರು. ನಾನು ಕೊಟ್ಟೆ. ಕಳಿಸೋದಾದ್ರೆ ನನ್ನೊಬ್ಬಳನ್ನ ಕಳಿಸಿ. ಬಸುರಿ ಸಾಮಾನು ಒಳಗಿಡ್ಸಿ.”

ಹಿಂದೆ ಯಾರೋ ಕಿಸಕ್ ಅಂತ ನಕ್ಕರು, ತಕ್ಷಣ ಬಾಯಿ ಮುಚ್ಚಿಕೊಂಡರು. ಯಜಮಾನನ ಮುಖ ಕಪ್ಪಿಟ್ಟಿತು. ಡಾಕ್ಟರು ಮೊದಲ ಸಲ ತಲೆ ಎತ್ತಿದರು.

“ನಿನಗೆ ಭೇದಿ ಆಗ್ತಿದೆಯೇನಮ್ಮ?”

“ಇಲ್ಲ ಸಾರ್. ಯಾವತ್ತೂ ಇಲ್ಲ.”

“ಆ ಹಸಿರು ಬಕೆಟ್ಟಿನ ಹಾಲು… ಅದನ್ನ ಕುಡೀತೀಯಾ? ಕಾಯಿಸದೆ?”

“ಕೊಟ್ಟಿದ್ದನ್ನ ಕುಡೀತೀನಿ.”

ಡಾಕ್ಟರು ಮೇನೇಜರ್ ಕಡೆ ನೋಡಿ, ಆಮೇಲೆ ಕೈಯಲ್ಲಿದ್ದ ಕಾಗದ ಮಡಿಸಿದರು. “ಇವರಿಬ್ಬರದೂ ಮತ್ತೆ ಪರೀಕ್ಷೆ ಮಾಡ್ಬೇಕಾಗುತ್ತೆ” ಅಂದರು. ಅವರ ಬಾಯಲ್ಲಿ ಇನ್ನೂ ಏನೋ ಇತ್ತು, ನುಂಗಿಕೊಂಡರು.

ಅವರು ನುಂಗಿದ್ದನ್ನು ಅತ್ತಿಗೆ ಉಗಿದಳು. “ಓ. ಹಂಗಾ. ಅಂದ್ರೆ ನಿಮ್ಮ ದನದ್ದು ನನ್ನ ಹೊಟ್ಟೆಗೆ ಬಂದಿರೋದು. ನಂದು ಅಂತ ಹೇಳ್ತಿದೀರಿ.”

“ಮುಚ್ಚೇ ಬಾಯಿ” ಅಂದ ಯಜಮಾನ. ಅವನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ನನ್ನ ಕಣ್ಣಿಗೆ ಮಣ್ಣೆರಚೋಕೆ ಬಂದ್ರಾ? ಸರಿ. ಈಗಲೇ ಮಾಡಿಸಿ. ಇಲ್ಲೇ. ಮೇನೇಜರ್ ನಿಂತು ನೋಡ್ತಾನೆ. ಬೇರೆ ಕಕ್ಕಸು ಯಾಕೆ, ಆ ಕೋಣೇಲಿ ಕರು ಜೊತೆ ಕೂತು ಮಾಡ್ಲಿ. ಅವಕ್ಕೂ ಇವಕ್ಕೂ ಏನು ವ್ಯತ್ಯಾಸ. ಮೊದಲು ಆ ಬಸುರಿ.”

“ಸಾರ್, ಹಾಗೆಲ್ಲ…” ಅಂದರು ಡಾಕ್ಟರು.

“ನಿಮ್ಮ ಕೆಲಸ ನೀವು ನೋಡ್ಕೊಳ್ಳಿ.”

ಮೇನೇಜರ್ ಡಾಕ್ಟರ ಚೀಲದಿಂದ ಒಂದು ಡಬ್ಬಿ ಕಿತ್ತುಕೊಂಡ. ನನ್ನ ಮಗಳ ತೋಳು ಹಿಡಿದು ಸರಳಿನ ಬಾಗಿಲಿನಿಂದ ಒಳಗೆ ನೂಕಿದ, ತಾನೂ ಹೋದ. ಒಳಗೆ ಎರಡು ಕರು ಮಲಗಿದ್ದವು. ಒಂದು ತಲೆಯೆತ್ತಿ ನೋಡಿತು, ಇನ್ನೊಂದಕ್ಕೆ ಅಷ್ಟೂ ಆಗಲಿಲ್ಲ. ನೆಲವೆಲ್ಲ ಜಾರುತ್ತಿತ್ತು. ಮಗಳು ಒಂದು ಕೈಯಿಂದ ಗೋಡೆ ಹಿಡಿದುಕೊಂಡಳು, ಇನ್ನೊಂದು ಕೈ ಹೊಟ್ಟೆಯ ಅಡಿಯಲ್ಲಿತ್ತು. ಯಜಮಾನ ಬಾಗಿಲಿನ ಒಳಗಡೆ ಎರಡು ಹೆಜ್ಜೆ ಇಟ್ಟು ನಿಂತ. ಅವನಿಗೂ ನೋಡಬೇಕಿತ್ತು.

“ಕೂತ್ಕೋ” ಅಂದ ಮೇನೇಜರ್.

“ಆ ಕಡೆ ತಿರುಗಿ ಸಾರ್” ಅಂದಳು ನನ್ನ ಮಗಳು.

“ತಿರುಗಿದ್ರೆ ಇನ್ಯಾರದ್ದೋ ತುಂಬಿಸ್ತೀರಾ, ಕಳ್ಳಮುಂಡೇರು. ಎತ್ತು, ಕೂತ್ಕೋ.”

“ಒಂದು ಸಲ ತಿರುಗಿ ಸಾರ್.”

ಅತ್ತಿಗೆ ನಡೆದು ಒಳಗೆ ಹೋದಳು. ನನಗಿಂತ ಮೊದಲು ಹೋದಳು. ಅದೊಂದು ನನ್ನ ಮನಸ್ಸಿಗೆ ಇವತ್ತಿಗೂ ಹತ್ತಿಕೊಂಡಿದೆ. ಮೇನೇಜರನ ಕೈಯಿಂದ ಡಬ್ಬಿ ಕಿತ್ತುಕೊಂಡಳು, ಮುಚ್ಚಳ ತಿರುವಿದಳು, ಯಜಮಾನನ ಎದೆಯ ಮುಂದೆ ಹಿಡಿದಳು.

“ದಿನಾ ಬೆಳಗ್ಗೆ ಹಸು ಮೈ ಸವರೋಕೆ ನೀವೂ ಬರ್ತೀರಿ. ಕರು ಕೊರಳು ತುರಿಸ್ತೀರಿ. ನಿಮ್ಮ ಹೊಟ್ಟೆ ಯಾರು ನೋಡಿದ್ರು? ಮೊದ್ಲು ನೀವು.”

ಯಜಮಾನ ಹೊಡೆದ ಸದ್ದು ಶೆಡ್ಡಿನವರೆಗೂ ಕೇಳಿರಬೇಕು. ಅವಳು ಜಾರಿ ಕರುವಿನ ಮೇಲೆ ಬಿದ್ದಳು. ಮೇನೇಜರ್ ಅವಳ ಜುಟ್ಟಿಗೆ ಕೈ ಹಾಕಿದ.

ಸಗಣಿ ಬಾಚುವ ಸಲಿಕೆ ಒಳಗಿನ ಗೋಡೆಗೆ ಒರಗಿತ್ತು. ನಾನು ಯಾವಾಗ ಒಳಗೆ ನುಗ್ಗಿದೆನೋ, ನನ್ನ ಕೈ ಅದರ ಮೇಲೆ ಯಾವಾಗ ಬಿತ್ತೋ. ನಾನು ಯಾರಿಗೂ ಹೊಡೆಯಲಿಲ್ಲ. ಸಲಿಕೆಯ ಬಾಯನ್ನು ಮೇನೇಜರನ ಮುಖದ ಮುಂದೆ ಹಿಡಿದೆ, ಅದರ ತುಂಬ ಆ ಬೆಳಗಿನ ರಕ್ತಭೇದಿ ಮೆತ್ತಿಕೊಂಡಿತ್ತು. ಅವನು ಜುಟ್ಟು ಬಿಟ್ಟು ಹಿಂದಕ್ಕೆ ಸರಿದ. ಇನ್ನೂ ಸರಿದ. ಗೋಡೆಗೆ ತಾಗಿದ.

“ಮುಟ್ಟು ನೋಡೋಣ, ಬೋಳಿಮಗನೆ. ಇನ್ನೊಂದ್ಸಲ ಮುಟ್ಟು.”

ಯಜಮಾನ ನನ್ನತ್ತ ಬಂದ. ನೀಲಿ ಚೀಲ ತೊಟ್ಟ ಬೂಟು ಒದ್ದೆ ನೆಲದ ಮೇಲೆ ನಿಲ್ಲಲಿಲ್ಲ. ಅವನು ಧೊಪ್ಪನೆ ಕೂತುಬಿಟ್ಟ, ಎಲ್ಲಿ ಕೂರು ಅಂತ ನನ್ನ ಮಗಳಿಗೆ ಹೇಳಿದ್ದನೋ ಅಲ್ಲೇ. ದೊಡ್ಡಪ್ಪ ಬಾಗಿಲಿನಿಂದ ಕೈ ಚಾಚಿ ಮಗಳನ್ನು ಹೊರಗೆ ಕರೆದುಕೊಂಡ. ಅತ್ತಿಗೆ ತುಟಿಯ ರಕ್ತ ಒರೆಸಿಕೊಳ್ಳುತ್ತಾ, ಕರುವಿನ ತಲೆ ನೆಟ್ಟಗೆ ಮಾಡಿ ಹುಲ್ಲಿನ ಮೇಲಿಟ್ಟು, ಆಮೇಲೆ ಹೊರಗೆ ಬಂದಳು. ಕೊನೆಗೆ ನಾನು ಬಂದೆ. ಬಾಗಿಲು ಎಳೆದು ಚಿಲಕ ಹಾಕಿದವಳೂ ನಾನೇ.

“ತೆಗಿಯೇ ಬಾಗಿಲು” ಅಂದ ಯಜಮಾನ, ಸರಳು ಹಿಡಿದು ಏಳುತ್ತಾ. ಬಿಳಿ ಪ್ಯಾಂಟಿನ ಹಿಂದೆಲ್ಲ ಮೆತ್ತಿಕೊಂಡಿತ್ತು. “ಸೂಳೆಮುಂಡೇರಾ, ಒಬ್ಬೊಬ್ಬರ ಚರ್ಮ ಸುಲಿಸ್ತೀನಿ. ಜೈಲಲ್ಲಿ ಕೊಳೀತೀರಿ.”

“ಡಾಕ್ಟ್ರೇ, ಎರಡು ಡಬ್ಬಿ ಕೊಡಿ” ಅಂದೆ ನಾನು.

ಡಾಕ್ಟರು ನನ್ನ ಕೈಯ ಸಲಿಕೆ ನೋಡಿದರು, ಕೋಣೆ ನೋಡಿದರು. ಕೊಡಲೇಬೇಕು ಅಂತೇನೂ ಇರಲಿಲ್ಲ. ಅವರ ಗಾಡಿ ಹತ್ತಿರದಲ್ಲೇ ಇತ್ತು, ಹೋಗಬಹುದಿತ್ತು. ಅವರು ಚೀಲದೊಳಗೆ ಕೈ ಹಾಕಿ ಎರಡು ಡಬ್ಬಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಹೋಗಿ ಗಾಡಿಯೊಳಗೆ ಕೂತು ಗಾಜು ಏರಿಸಿಕೊಂಡರು.

ನಾನು ಡಬ್ಬಿಗಳನ್ನು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ಉರುಳಿಸಿದೆ.

“ತುಂಬಿಸಿ ಕೊಡಿ” ಅಂದಳು ಅತ್ತಿಗೆ. ಕೆನ್ನೆ ಊದಿ ಮಾತು ದಪ್ಪವಾಗಿತ್ತು. “ತುಂಬಿಸಿ ಕೊಟ್ರೆ ತೆಗಿತೀವಿ. ಬಸುರಿ ಮಂಚ ಮೊದಲಿದ್ದಲ್ಲಿ ಹೋಗ್ಬೇಕು, ಅದೊಂದು. ಇದೊಂದು. ಎರಡೇ.”

“ಒಬ್ಬರದ್ದನ್ನ ಇನ್ನೊಬ್ಬರು ತುಂಬಿಸ್ಬೇಡಿ ಮತ್ತೆ” ಅಂದ ದೊಡ್ಡಪ್ಪ. ಇಷ್ಟು ವರ್ಷದಲ್ಲಿ ಅವನು ಯಜಮಾನನ ಜೊತೆ ಆಡಿದ ಮೊದಲ ಮಾತು ಅದು. ಅಲ್ಲಿವರೆಗೆ ಬರೀ ಹೂಂ.

ಲೈನಿನ ಕಡೆ ನಿಂತಿದ್ದ ಇಬ್ಬರು, ಮಂಚ ಹೊರಗೆ ತಂದವರು, ಅದನ್ನು ಮತ್ತೆ ಒಳಗೆ ಒಯ್ಯತೊಡಗಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಹೊಸದಾಗಿ ಮದುವೆಯಾದ ಹುಡುಗಿ ಕೊಚ್ಚೆಯಿಂದ ಬಟ್ಟೆಯ ಗಂಟು ಎತ್ತಿಕೊಂಡು, ಹಿಂಡುತ್ತಾ, ನೇರ ಹಸುಗಳ ತೊಟ್ಟಿಯ ನಲ್ಲಿಗೆ ನಡೆದಳು. ನಲ್ಲಿ ಪೂರ್ತಿ ತಿರುವಿದಳು.

ಒಳಗೆ ಯಜಮಾನ ಫೋನು ತೆಗೆದು ಕಿವಿಗಿಟ್ಟುಕೊಂಡಿದ್ದ.

“ಹಲೋ, ಬೇಗ ಜನ ಕಳಿಸಿ. ಕೂಡಿಹಾಕಿದಾರೆ… ನನ್ನನ್ನೇ ಕಣ್ರೀ… ಹೌದು, ಕೆಲಸದವರೇ… ಇಲ್ಲ, ದುಡ್ಡೇನೂ ಕೇಳ್ತಿಲ್ಲ…” ಆ ಕಡೆಯವರು ಮತ್ತೇನೋ ಕೇಳಿರಬೇಕು. ಯಜಮಾನ ನಮ್ಮ ಕಡೆ ನೋಡಿದ, ಕಾಲ ಹತ್ತಿರ ಬಿದ್ದಿದ್ದ ಡಬ್ಬಿ ನೋಡಿದ. “ಏನೋ ಒಂದು ಕೇಳ್ತಿದಾರೆ. ನೀವು ಬನ್ನಿ ಮೊದಲು.”

“ಹೇಳಿ ಯಜಮಾನ್ರೇ, ಏನು ಅಂತ ಹೇಳಿ” ಅಂದಳು ಅತ್ತಿಗೆ. “ನಮಗೆ ಕಟ್ಟೆ ಮುಂದೆ ಎಲ್ರೆದುರಿಗೆ ಹೇಳಿಸಿದ್ರಲ್ಲ.”

ಅವನು ಫೋನು ಜೇಬಿಗೆ ಹಾಕಿದ. ಮೇನೇಜರ್ ಮೂಲೆಯಲ್ಲಿ, ಮೊದಲ ಸಲ ಯಜಮಾನನ ಹಿಂದಲ್ಲದೆ ಪಕ್ಕದಲ್ಲಿ ನಿಂತಿದ್ದ.

ಅವನು ಕರೆದ ಜನ ಬರುತ್ತಾರೆ. ಬಂದರೆ ಏನಾಗುತ್ತದೆ ಅಂತ ನಮಗೆ ಗೊತ್ತಿತ್ತು. ಹಾಲು ಕರೆಯುವ ಹೊತ್ತು ಮೀರಿತ್ತು. ಶೆಡ್ಡಿನಲ್ಲಿ ಹಸುಗಳು ಒಂದಾದ ಮೇಲೊಂದು ಕೂಗತೊಡಗಿದ್ದವು. ದೊಡ್ಡಪ್ಪನ ಬೆರಳುಗಳು ತಾವಾಗಿಯೇ ಹಿಂಡುವಂತೆ ಆಡುತ್ತಿದ್ದವು, ಅವನು ಅವನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡ. ಯಾರೂ ಹೋಗಲಿಲ್ಲ.

ಆಗ ನನ್ನ ಮಗಳು ಮಾತಾಡಿದಳು.

“ಅಮ್ಮ, ಎಲ್ಲರಿಗೂ ಆ ಕಡೆ ತಿರುಗೋಕೆ ಹೇಳು.”

“ಯಾಕೆ?”

“ನೋಡ್ತಾ ನಿಂತ್ರೆ ಅವರಿಗೆ ಹೆಂಗೆ ಆಗುತ್ತೆ?”

ಅವಳೇ ಮೊದಲು ತಿರುಗಿದಳು. ಆಮೇಲೆ ಅತ್ತಿಗೆ. ಆಮೇಲೆ ದೊಡ್ಡಪ್ಪ, ನಾನು, ಲೈನಿನವರೆಲ್ಲರೂ. ಕೋಣೆಗೆ ಬೆನ್ನು ಮಾಡಿ ಸಾಲಾಗಿ ನಿಂತೆವು. ಹಿಂದೆ ಒಂದು ಕರು ಭೇದಿ ಮಾಡಿದ ಸದ್ದಾಯಿತು. ಪ್ಲಾಸ್ಟಿಕ್ ಚೀಲದ ಬೂಟು ಆ ಮೂಲೆಯಿಂದ ಈ ಮೂಲೆಗೆ ಸರಿಯಿತು. ಎದುರಿಗೆ ಶೆಡ್ಡಿನಲ್ಲಿ, ಸಾಲಿನ ಮೊದಲ ಹಸುವಿನ ಬಿಗಿದ ಕೆಚ್ಚಲಿನಿಂದ ಹಾಲು ತಾನೇ ತೊಟ್ಟಿಕ್ಕಿ ಸಿಮೆಂಟಿನ ಮೇಲೆ ಹರಿದು ಸಗಣಿಯ ಗಟಾರದ ಕಡೆ ಹೊರಟಿತ್ತು.

ನಾವು ತಿರುಗಿ ನೋಡಲಿಲ್ಲ.